ಭಾಯ್‌ಗೆ ಏಳು ಬಾದಾಮಿ

ನಮ್ಮ ಮನೆಯಲ್ಲಿ ದಿನಕ್ಕೆ ಏಳೇ ಬಾದಾಮಿ ನೆನೆಯುತ್ತಿದ್ದವು. ಸಂಜೆಯ ನಮಾಜು ಮುಗಿದ ಮೇಲೆ ದಾದಿ, ಅಂದರೆ ನನ್ನ ತಂದೆಯ ತಾಯಿ, ಟ್ರಂಕಿನ ಬೀಗ ತೆಗೆದು, ಬಟ್ಟೆಗಳ ಅಡಿಯಿಂದ ಒಂದು ಗಂಟು ಎಳೆದು, ಒಂದೊಂದೇ ಬಾದಾಮಿಯನ್ನು ದೀಪಕ್ಕೆ ಹಿಡಿದು ನೋಡಿ, ಹುಳುಕಿಲ್ಲವೆಂದು ಖಾತ್ರಿಯಾದ ಮೇಲೆ ಬಟ್ಟಲಿಗೆ ಹಾಕುತ್ತಿದ್ದರು. ಏಳಾಯಿತೋ, ಗಂಟು ಮತ್ತೆ ಟ್ರಂಕಿಗೆ, ಕೀಲಿ ಮತ್ತೆ ಅವರ ಸೊಂಟಕ್ಕೆ. ಆ ಏಳೂ ನನ್ನ ಅಣ್ಣ ಇಲ್ಯಾಸನ ಪಾಲು. ನನಗಿಂತ ಎರಡು ವರ್ಷ ದೊಡ್ಡವನು. ನಾನು ಭಾಯ್ ಎನ್ನುತ್ತಿದ್ದೆ. ಅವನು ಕುರಾನನ್ನು ಬಾಯಿಪಾಠ ಮಾಡುತ್ತಿದ್ದ. ಮೊದಲಿನಿಂದ ಕೊನೆಯವರೆಗೆ, ಮೂವತ್ತೂ ಭಾಗ, ಒಂದಕ್ಷರ ಆಚೀಚೆಯಾಗದಂತೆ ಎದೆಯಲ್ಲಿಟ್ಟುಕೊಂಡವರನ್ನು ಹಾಫಿಜ್ ಎಂದು ಕರೆಯುತ್ತಾರೆ. ನಮ್ಮ ವಂಶದಲ್ಲಿ ಅಂಥವರು ಯಾರೂ ಆಗಿರಲಿಲ್ಲ. ದಾದಾ, ನನ್ನ ಅಜ್ಜ, ಊರೂರು ತಿರುಗಿ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಅಬ್ಬಾ, ನನ್ನ ತಂದೆ, ಲಾರಿ ಓಡಿಸುತ್ತಿದ್ದವರು, ತಿಂಗಳಿಗೊಮ್ಮೆ ಮನೆಗೆ ಬಂದರೆ ಅದೇ ಹೆಚ್ಚು. ಇಂಥ ಮನೆಯಿಂದ ಒಬ್ಬ ಹಾಫಿಜ್ ಎದ್ದು ಬರುತ್ತಾನೆ, ರಂಜಾನಿನ ತಿಂಗಳು ಪೂರ್ತಿ ನಮ್ಮ ಮಸೀದಿಯಲ್ಲಿ ಮುಂದೆ ನಿಂತು ಓದುತ್ತಾನೆ ಅಂದರೆ ದಾದಾಗೆ ಅದಕ್ಕಿಂತ ದೊಡ್ಡದು ಈ ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ಹಾಗಾಗಿ ನಮ್ಮ ಅಡುಗೆಮನೆಯೆಲ್ಲ ಆ ಒಂದು ತಲೆಯ ಸುತ್ತ ತಿರುಗತೊಡಗಿತು.

ಮನೆ ಇದ್ದದ್ದು ಹಳೆಯ ಯಲಹಂಕದಲ್ಲಿ, ಕೆರೆಯಿಂದ ಕೂಗಳತೆಯ ದೂರದಲ್ಲಿ. ಮುಂದೊಂದು ಪಡಸಾಲೆ, ಹಿಂದೊಂದು ಅಡುಗೆಮನೆ, ಎರಡರ ನಡುವೆ ಬಾಗಿಲಿನ ಬದಲು ಒಂದು ಹಸಿರು ಪರದೆ. ಗಂಡಸರು ಪರದೆಯ ಆಚೆ, ಹೆಂಗಸರು ಈಚೆ. ಮಾತು ಮಾತ್ರ ಯಾವ ತಡೆಯೂ ಇಲ್ಲದೆ ಓಡಾಡುತ್ತಿತ್ತು. ಮನೆಯೊಳಗೆ ನಾವಾಡುತ್ತಿದ್ದದ್ದು ದಖ್ಖನಿ. ಆದರೆ ಶಾಲೆ, ಬೀದಿ, ಕೆರೆ ಎಲ್ಲ ನನಗೆ ಕನ್ನಡದಲ್ಲೇ ಸಿಕ್ಕಿದ್ದರಿಂದ ಈಗ ನೆನಪಿಸಿಕೊಂಡರೆ ದಾದಿಯೂ ಕನ್ನಡದಲ್ಲೇ ಬೈಯುತ್ತಾರೆ. ಇರಲಿ, ಬೈಗುಳಕ್ಕೆ ಯಾವ ಭಾಷೆಯಾದರೇನು.

ನೆನಪು ಬೆಳೆಯಲು ಏನು ತಿನ್ನಬೇಕು ಅನ್ನುವುದರಲ್ಲಿ ದಾದಿಯದು ದೊಡ್ಡ ಶಾಸ್ತ್ರ. ಬೆಳಗಿನ ನಮಾಜಾದ ಕೂಡಲೇ ಸಿಪ್ಪೆ ಸುಲಿದ ಏಳು ಬಾದಾಮಿ, ಸೋಂಪು, ಕಲ್ಲುಸಕ್ಕರೆ, ಮೂರನ್ನೂ ನುಣ್ಣಗೆ ಅರೆದು ಹಾಲಿನಲ್ಲಿ. ಮಧ್ಯಾಹ್ನ ಹುಚ್ಚೆಳ್ಳು ಚಟ್ನಿ ಹಚ್ಚಿದ ರಾಗಿ ರೊಟ್ಟಿ. ಕೆರೆಯ ಮೀನು ಸಿಕ್ಕ ದಿನ ಮೀನಿನ ತಲೆ ಭಾಯ್‌ಗೆ, ಬಾಲ ನನಗೆ. ಶುಕ್ರವಾರ ಕುರಿಯ ಮಿದುಳು ತಂದು ಮೆಣಸು ಹಾಕಿ ಹುರಿಯುತ್ತಿದ್ದರು. ಮಿದುಳು ತಿಂದರೆ ಮಿದುಳು ಬೆಳೆಯುತ್ತದೆ ಅನ್ನುವುದು ಅವರ ನಂಬಿಕೆ. ಭಾಯ್ ತಟ್ಟೆ ನೋಡಿ ಗೊಣಗುತ್ತಿದ್ದ:

"ದಾದಿ, ಈ ಕುರಿಗೆ ಅಷ್ಟು ಬುದ್ಧಿ ಇದ್ದಿದ್ರೆ ಕಸಾಯಿ ಕೈಗೆ ಸಿಗ್ತಿತ್ತಾ?"

"ಬಾಯಿ ಮುಚ್ಕೊಂಡು ತಿನ್ನೋ. ಮಾತಾಡೋಕೆ ಮಾತ್ರ ನೆನಪು ಚೆನ್ನಾಗಿದೆ ನಿಂಗೆ."

ತಿನ್ನಬೇಕಾದದ್ದಕ್ಕಿಂತ ತಿನ್ನಬಾರದ್ದರ ಪಟ್ಟಿ ಉದ್ದ. ಹುಳಿ ತಿಂದರೆ ಮರೆವು ಬರುತ್ತದೆಂದು ದಾದಿ ತಮ್ಮ ತಂದೆಯ ಬಾಯಲ್ಲಿ ಕೇಳಿದ್ದರಂತೆ. ಒಂದು ದಿನ ಬೆಳಿಗ್ಗೆ ಹುಣಸೆಹಣ್ಣಿನ ಮಡಕೆಯೇ ಮನೆ ಬಿಟ್ಟು ಪಕ್ಕದ ಮನೆ ಸೇರಿತು. ದಖ್ಖನಿ ಮನೆಯಲ್ಲಿ ಹುಣಸೆಹಣ್ಣು ಇಲ್ಲ ಅಂದರೆ ಏನರ್ಥ ಅನ್ನುವುದು ಅಂಥ ಮನೆಯಲ್ಲಿ ಬೆಳೆದವರಿಗೇ ಗೊತ್ತು. ಬದನೆಕಾಯಿ ಹಾಕಿದ ಹುಳಿಸಾರು, ನಾವು ಖಟ್ಟಾ ಅನ್ನುತ್ತೇವೆ, ಅದಿಲ್ಲದೆ ದಾದಾಗೆ ಅನ್ನ ಇಳಿಯುತ್ತಿರಲಿಲ್ಲ. ನಾಲ್ಕು ದಿನ ಸಹಿಸಿಕೊಂಡರು. ಐದನೆಯ ದಿನ ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

"ಹಾಫಿಜ್ ಆಗೋನು ಅವನು. ನಾನ್ಯಾಕೆ ಸಪ್ಪೆ ತಿನ್ಬೇಕು?"

"ಹಾಫಿಜ್ ಆಗೋ ಮಗು ಇರೋ ಮನೇಲಿ ಹುಣಸೆಹಣ್ಣಿನ ವಾಸನೆನೂ ಇರಬಾರದು ಕಣ್ರೀ."

"ಅವನು ಹಾಫಿಜ್ ಆಗೋದ್ರೊಳಗೆ ನಾನು ಗೋರಿ ಸೇರ್ತೀನಿ!"

ಅವತ್ತಿನಿಂದ ಅಮ್ಮಿ, ನನ್ನ ತಾಯಿ, ಮೂಲೆಯ ಸಣ್ಣ ಒಲೆಯ ಮೇಲೆ ಅತ್ತೆಗೆ ಕಾಣದ ಹಾಗೆ ಮಾವನಿಗೊಂದು ಪುಟ್ಟ ಮಡಕೆಯಲ್ಲಿ ಖಟ್ಟಾ ಮಾಡತೊಡಗಿದಳು. ಅತ್ತೆಗೆ ಅದು ಗೊತ್ತಿತ್ತು, ಗೊತ್ತಿದೆ ಅನ್ನುವುದು ಅಮ್ಮಿಗೂ ಗೊತ್ತಿತ್ತು. ಮಡಕೆಯ ತಳ ಕೆರೆದು ತಿನ್ನುವ ಕೆಲಸ ನನ್ನದು. ನನ್ನ ತಲೆಯ ಚಿಂತೆ ಯಾರಿಗೂ ಇರಲಿಲ್ಲವಾದ್ದರಿಂದ ಲೋಕದ ಹುಳಿಯೆಲ್ಲ ನನಗೆ ಬಿಟ್ಟಿಯಾಗಿತ್ತು.

ಬಾದಾಮಿ ಸುಲಿಯುವವಳು, ಅರೆಯುವವಳು ನಾನೇ. ನೆನೆದ ಬಾದಾಮಿಯನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆಯಿಂದ ಪುಳಕ್ಕನೆ ಹೊರಗೆ ಹಾರುತ್ತದೆ, ಬೆಳ್ಳಗೆ, ತಣ್ಣಗೆ. ಆ ಸಿಪ್ಪೆ ನನ್ನ ಪಾಲು. ಕಹಿ ಒಗರು, ನಾಲಗೆಗೆ ಅಂಟಿಕೊಳ್ಳುವ ಕಾಗದದಂಥ ರುಚಿ. ಒಂದು ದಿನ ತಡೆಯಲಾರದೆ ಒಂದು ಬಾದಾಮಿಯನ್ನೇ ಬಾಯಿಗೆ ಹಾಕಿಕೊಂಡೆ. ದಾದಿ ಬಂದು ಕಲ್ಲಿನ ಮೇಲೆ ನೋಡಿದರು.

"ಆರಿದೆ. ಇನ್ನೊಂದೆಲ್ಲಿ?"

ನನ್ನ ಕೆನ್ನೆಯೇ ಉತ್ತರ ಹೇಳುತ್ತಿತ್ತು. ಹೊಡೆಯಲಿಲ್ಲ ಅವರು. ಹೊಡೆದಿದ್ದರೆ ಮರೆತುಬಿಡುತ್ತಿದ್ದೆನೇನೋ. ಬಹಳ ಸಮಾಧಾನವಾಗಿ ಕೇಳಿದರು:

"ನಿಂಗ್ಯಾಕಮ್ಮ ಇದು? ರೊಟ್ಟಿ ಲಟ್ಟಿಸೋಕೆ ನೆನಪು ಬೇಕಾ?"

ಹೊಟ್ಟೆ ಉರಿದುಹೋಯಿತು. ಇವತ್ತಿಗೂ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಅದೇ ದಾದಿ ಭಾನುವಾರ ನನ್ನನ್ನು ಮಂಡಿಗಳ ನಡುವೆ ಕೂರಿಸಿಕೊಂಡು, ತಲೆಗೆ ಬೆಚ್ಚಗಿನ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸುವಾಗ ಒಂದು ಕೂದಲೂ ನೋಯದ ಹಾಗೆ ಬಿಡಿಸುತ್ತಿದ್ದರು. ತಲೆಯ ಹೊರಗೆ ಅಷ್ಟು ಆಸ್ಥೆ, ಒಳಗೇನಿದೆ ಅನ್ನುವ ಯೋಚನೆಯೇ ಇಲ್ಲ. ಕೆಟ್ಟವರಲ್ಲ ಅವರು. ಅವರ ತಲೆಯ ಒಳಗೇನಿದೆಯೆಂದು ಅವರನ್ನೂ ಯಾರೂ ಕೇಳಿರಲಿಲ್ಲ.

ನನ್ನ ತಲೆಯ ಬಗ್ಗೆ ಕೇಳಿದವಳು ಒಬ್ಬಳೇ, ಸೊಪ್ಪಿನ ಮುನಿಯಮ್ಮ. ಅಟ್ಟೂರಿನಿಂದ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದು ಬರುತ್ತಿದ್ದಳು. ಕಪ್ಪು ಮೈ, ತೆಳ್ಳನೆಯ ಕಾಲು, ದೊಡ್ಡ ಗಂಟಲು. ಓದು ಬರಹ ಒಂದಕ್ಷರ ಇಲ್ಲ. ಆದರೆ ಅವಳ ನೆನಪು! ನಮ್ಮ ಬೀದಿಯ ಪ್ರತಿ ಮನೆಗೂ ಯಾವ ಸೊಪ್ಪು, ಯಾರಿಗೆ ಕೆಮ್ಮು, ಯಾವ ಸೊಸೆಗೆ ಎಷ್ಟು ತಿಂಗಳು, ಯಾವ ಮುದುಕರಿಗೆ ದಂಟು ಅಗಿಯಲು ಹಲ್ಲಿಲ್ಲ, ಎಲ್ಲ ನಾಲಗೆಯ ತುದಿಯಲ್ಲಿ. ನಾನು ಬೆರಗಾಗಿ ಅವಳ ಬುಟ್ಟಿಯನ್ನೇ ನೋಡುತ್ತಿದ್ದೆ, ಅದರೊಳಗೆ ಎಲ್ಲೋ ಒಂದು ಪುಸ್ತಕ ಬಚ್ಚಿಟ್ಟಿರಬೇಕು ಅಂತ. ನಮ್ಮ ಮನೆಗೆ ಒಂದೆಲಗ ತಂದವಳು ಅವಳೇ. ಕೆರೆಯ ಕೋಡಿಯ ಹತ್ತಿರ ನೆಲಕ್ಕೆ ಅಂಟಿಕೊಂಡು ಬೆಳೆಯುವ ಗುಂಡು ಎಲೆ. ದಾದಿ ಒಂದೆಲೆ ಎತ್ತಿ ಮೂಸಿ ನೋಡಿ, ತಮ್ಮ ಅರ್ಧಂಬರ್ಧ ಕನ್ನಡದಲ್ಲಿ ಅನುಮಾನ ತೆಗೆದರು.

"ಏನ್ ಇದು ಮುನಿಯಮ್ಮ? ಇದು ತಿಂದ್ರೆ ಮಗು ಆಡು ಆಗ್ತದೆ."

"ಅಯ್ಯೋ ನಮ್ಮವ್ವ, ತಲೆಗೆ ಇದುಕ್ಕಿಂತ ಒಳ್ಳೇದು ಇನ್ನೊಂದಿಲ್ಲ ಕಣಮ್ಮ. ಬಾದಾಮಿ ಎಲ್ಲಿಂದ್ಲೋ ಬರ್ಬೇಕು, ಅದ್ಕೆ ಬೀಗ ಆಕಿಕ್ಕೊಂಡಿದ್ದೀರ. ಇದು ಕೆರೆ ಕೋಡೀಲಿ ಬಿದ್ದೈತೆ, ಅದ್ಕೆ ಸಸಾರ. ಇತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅಂಗಾಯ್ತು."

ದಾದಿಗೆ ಗಾದೆ ಪೂರ್ತಿ ಅರ್ಥವಾಯಿತೋ ಇಲ್ಲವೋ, ಬೀಗದ ಮಾತು ಅರ್ಥವಾಯಿತು. ಸೊಂಟದ ಕೀಲಿ ಮುಟ್ಟಿ ನೋಡಿಕೊಂಡು, ಒಂದು ಹಿಡಿ ಎಲೆ ತೆಗೆದುಕೊಂಡರು. ಕಾಯಿತುರಿ, ಹುರಿದ ಉದ್ದಿನಬೇಳೆ, ಹಸಿಮೆಣಸಿನಕಾಯಿ ಹಾಕಿ ಒಂದೆಲಗದ ಚಟ್ನಿ ಶುರುವಾಯಿತು. ಹುಳಿ ಹಾಕುವ ಹಾಗಿಲ್ಲವಲ್ಲ, ಹುಲ್ಲು ಅರೆದಿಟ್ಟ ಹಾಗಿತ್ತು. ಭಾಯ್ ಮೂಗು ಮುಚ್ಚಿಕೊಂಡು ನುಂಗುತ್ತಿದ್ದ. ಮುನಿಯಮ್ಮ ಹೊರಡುವಾಗ ಬಾಗಿಲ ಹಿಂದೆ ನಿಂತ ನನ್ನನ್ನು ಕರೆದು ಅಂಗೈಗೆ ನಾಲ್ಕು ಎಲೆ ಹಾಕುತ್ತಿದ್ದಳು.

"ತಗಾ, ಅಗ್ದು ನುಂಗು. ನಿನ್ ತಲೆ ಏನ್ ಕುಂಬಳಕಾಯಾ?"

ನಾನು ಒಂದು ದಿನ ಅವಳನ್ನು ಕೇಳಿಯೇಬಿಟ್ಟೆ, ಇಷ್ಟೆಲ್ಲ ಹೇಗೆ ನೆನಪಿರುತ್ತದೆ ಅಂತ. ಸಿಂಬೆ ಸರಿ ಮಾಡಿಕೊಳ್ಳುತ್ತಾ ನಕ್ಕಳು.

"ಮನೆ ನೆಪ್ಪಿಟ್ಕಂಡ್ರೆ ಮರ್ತೋಯ್ತದೆ ಕಣವ್ವ. ಅವತ್ತು ಆ ಮನೆ ಒಲೆ ಮ್ಯಾಲೆ ಏನಿತ್ತು ಅಂತ ನೆಪ್ಪಿಟ್ಕಂತೀನಿ. ಸಾರಿನ ಗಮಲು ಇಡ್ಕಂಡು ಬಂದ್ರೆ, ಮನೆ ತಾನೇ ಬತ್ತದೆ, ಮನೆಯೋರು ಯೋಳಿದ್ದೂ ಬತ್ತದೆ."

ಆ ಮಾತು ನನ್ನ ಬದುಕಿನ ದೊಡ್ಡ ಪಾಠವಾಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ. ಭಾಯ್‌ನ ದಿನಚರಿ ಹೀಗಿತ್ತು. ಮಸೀದಿಯ ಪಾಠಶಾಲೆಯಲ್ಲಿ ಉಸ್ತಾದ್ ಒಂದು ಪುಟ ಹೊಸ ಪಾಠ ಕೊಡುವರು. ಬೆಳಿಗ್ಗೆ ಅವನು ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಾ ಅದನ್ನು ಉರು ಹೊಡೆದು, ಉಸ್ತಾದರಿಗೆ ಒಪ್ಪಿಸುವ ಮೊದಲು, ಹಿಂದಿನ ಮೂರ್ನಾಲ್ಕು ಪುಟಗಳನ್ನೂ ಸೇರಿಸಿ, ಮನೆಯಲ್ಲಿ ಒಮ್ಮೆ ಒಪ್ಪಿಸಬೇಕು. ಒಪ್ಪಿಸುವುದು ಯಾರಿಗೆ? ದಾದಾ ಬೆಳಿಗ್ಗೆಯೇ ಕಲಾಯಿಯ ತಿದಿ ಹೊತ್ತು ಬ್ಯಾಟರಾಯನಪುರದ ಕಡೆ ಹೊರಟಿರುವರು. ದಾದಿಗೂ ಅಮ್ಮಿಗೂ ಓದು ಬಾರದು. ನಾನು ಸಣ್ಣವಳಿದ್ದಾಗ ಕುರಾನನ್ನು ನೋಡಿ ಓದಲು ಕಲಿತಿದ್ದೆ. ಹಾಗಾಗಿ ಕೆಲಸ ನನ್ನ ತಲೆಗೆ ಬಂತು. ಪುಸ್ತಕ ತೆರೆದು ಎದುರಿಗಿಟ್ಟುಕೊಳ್ಳುವುದು, ಅವನು ಎಡವಿದರೆ ಮುಂದಿನ ಪದ ಎತ್ತಿಕೊಡುವುದು. ನಮ್ಮಲ್ಲಿ ಅದಕ್ಕೆ ಲುಕ್ಮಾ ಕೊಡುವುದು ಎನ್ನುತ್ತಾರೆ, ತುತ್ತು ಕೊಡುವುದು ಅಂತ. ಆದರೆ ಅದೇ ಹೊತ್ತಿಗೆ ನಾನು ಬಾದಾಮಿ ಅರೆಯಬೇಕು, ಚಟ್ನಿ ರುಬ್ಬಬೇಕು. ಒದ್ದೆ ಕೈಯಲ್ಲಿ, ಮೆಣಸಿನಕಾಯಿ ಮೆತ್ತಿದ ಕೈಯಲ್ಲಿ ಪವಿತ್ರ ಪುಸ್ತಕದ ಪುಟ ಮುಟ್ಟುವುದುಂಟೇ? ಪುಟ ತಿರುಗಿಸುವ ಹೊತ್ತು ಬಂದಾಗಲೆಲ್ಲ ಎದ್ದು ಕೈ ತೊಳೆದು ಒರೆಸಿಕೊಂಡು ಬರಬೇಕು. ಸೋಮಾರಿ ನಾನು. ಏಳುವುದು ತಪ್ಪಲಿ ಅಂತ ಮುಂದಿನ ಪುಟದ ಮೊದಲ ಸಾಲುಗಳನ್ನು ಮೊದಲೇ ನೆನಪಿಟ್ಟುಕೊಳ್ಳತೊಡಗಿದೆ. ಆಮೇಲೆ ಅರ್ಧ ಪುಟ. ಆಮೇಲೊಂದು ದಿನ ನೋಡಿಕೊಳ್ಳುತ್ತೇನೆ, ಪುಸ್ತಕ ಅಲ್ಲಿ ಮೊದಲ ಪುಟದಲ್ಲೇ ತೆರೆದು ಕೂತಿದೆ, ಭಾಯ್ ಮೂರನೆಯ ಪುಟದಲ್ಲಿದ್ದಾನೆ, ನಾನು ರುಬ್ಬುತ್ತಲೇ ಅವನ ತಪ್ಪು ತಿದ್ದುತ್ತಿದ್ದೇನೆ. ರುಬ್ಬುವ ಗುಂಡು ಹಿಡಿದ ಕೈ ಹಾಗೇ ನಿಂತುಬಿಟ್ಟಿತು.

ಅರ್ಥ ಗೊತ್ತಿಲ್ಲದ ಭಾಷೆ. ಒಂದು ಶಬ್ದವೂ ನಮ್ಮ ಬಾಯಲ್ಲಿ ದಿನ ಬಳಸುವ ಶಬ್ದವಲ್ಲ. ಅದು ಹೇಗೆ ಒಳಗೆ ಬಂದು ಕೂತಿತು? ಮುನಿಯಮ್ಮ ಹೇಳಿದ ಹಾಗೆಯೇ, ಅಡುಗೆಯ ವಾಸನೆ ಹಿಡಿದುಕೊಂಡು ಬಂದು ಕೂತಿತ್ತು. ಪ್ರತಿ ಪುಟಕ್ಕೂ ಒಂದು ಗಮಲು. ಈ ಪುಟ ನುಗ್ಗೆಸೊಪ್ಪು ಬೇಯುತ್ತಿದ್ದ ದಿನದ್ದು. ಆ ಪುಟ ರಾಗಿ ಹುರಿದ ದಿನದ್ದು. ಅಧ್ಯಾಯಗಳು ನನ್ನ ಮಟ್ಟಿಗೆ ಸಾಲಾಗಿ ಇಟ್ಟ ಮಡಕೆಗಳ ಹಾಗೆ ನಿಂತಿದ್ದವು. ಮುಚ್ಚಳ ಎತ್ತಿದರೆ ಸಾಕು. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಬಾರದು ಅಂತ ಯಾರೂ ಅಂದಿರಲಿಲ್ಲ, ಹೇಳುವಂಥದ್ದು ಅಂತ ನನಗೂ ಅನ್ನಿಸಿರಲಿಲ್ಲ. ಭಾಯ್‌ಗೆ ಮಾತ್ರ ಗೊತ್ತಿತ್ತು. ಒಂದು ಬೆಳಿಗ್ಗೆ ಅವನು ಬಂದು ಪುಸ್ತಕ ಮುಚ್ಚಿ, ಮೇಲಿನ ಗೂಡಿನಲ್ಲಿಟ್ಟು, "ನಿಂಗಿದು ಬೇಕಾಗಿಲ್ಲ ಅಲ್ವಾ ಶಮ್ಮು?" ಅಂದ. ನಾನು ತಲೆಯಾಡಿಸಿದೆ. ಅವನು ಹಾಲಿನ ಲೋಟವನ್ನು ನನ್ನ ಕಡೆ ಸರಿಸಿದ. ಅಷ್ಟರಲ್ಲಿ ದಾದಿ ಬಂದರು, ಲೋಟ ಮತ್ತೆ ಅವನ ಕಡೆ ಹೋಯಿತು.

ಈಗ ನನಗೆ ಅರವತ್ತರ ಹತ್ತಿರ. ಯಲಹಂಕ ನ್ಯೂಟೌನಿನ ಮನೆಯ ಬಾಲ್ಕನಿಯಲ್ಲಿ ಕುಂಡದಲ್ಲಿ ಒಂದೆಲಗ ಬೆಳೆಸಿದ್ದೇನೆ. ಬೆಳಿಗ್ಗೆ ನಾಲ್ಕೆಲೆ ಕಿತ್ತು ಅಗಿಯುತ್ತೇನೆ, ಬಾದಾಮಿಯನ್ನು ಸಿಪ್ಪೆಸಮೇತ ತಿನ್ನುತ್ತೇನೆ. ಪಕ್ಕದ ಮನೆಯ ಹುಡುಗಿ "ಆಂಟಿ, ನಿಮ್ಗೆ ಹೆಂಗೆ ಎಲ್ಲ ನೆನಪಿರುತ್ತೆ? ನಂಗೆ ಗ್ಯಾಸ್ ಆಫ್ ಮಾಡಿದ್ದೇ ನೆನಪಿರಲ್ಲ" ಅನ್ನುತ್ತಾಳೆ. ಸೊಪ್ಪು, ಬೀಜ, ಮೀನು ಮಿದುಳಿಗೆ ಒಳ್ಳೆಯದೆಂದು ಡಾಕ್ಟರೂ ಹೇಳುತ್ತಾರೆ, ತಿನ್ನಮ್ಮ ಅನ್ನುತ್ತೇನೆ. ಇದು ತಿಂದರೆ ಇಷ್ಟು ನೆನಪು ಅಂತ ಅಳೆದು ಕೊಡುವವಳು ನಾನಲ್ಲ. ಆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುವುದು ಒಂದೇ ಮಾತಿಗೆ. ಕೆರೆಯ ಕೆಸರಲ್ಲಿ ಬೆಳೆದ ಎಲೆ ಹೊಟ್ಟೆಗೆ ಹೋಗುತ್ತದೆ, ರಕ್ತವಾಗುತ್ತದೆ, ತಲೆಗೇರುತ್ತದೆ, ಅಲ್ಲಿ ಯಾವುದೋ ಮೂಲೆಯಲ್ಲಿ ಐವತ್ತು ವರ್ಷದ ಹಿಂದಿನ ಒಂದು ಬೆಳಗನ್ನು, ಅದರ ಬಿಸಿಲು ಸಮೇತ, ಕಾಯ್ದುಕೊಂಡು ಕೂರುತ್ತದೆ. ಸೊಪ್ಪು ತಿಂದ ಆಡಿಗೆ ಇದು ಬರಲಿಲ್ಲ, ನಮಗೆ ಬಂತು. ಯಾ ಅಲ್ಲಾಹ್, ಇದಕ್ಕಿಂತ ದೊಡ್ಡ ಸೋಜಿಗ ಯಾವುದಿದೆ?

ಅಡುಗೆಮನೆಯ ಆ ಪಾಠ ಮೂರು ವರ್ಷ ಹೀಗೇ ನಡೆಯಿತು. ರಂಜಾನಿಗೆ ಎರಡು ತಿಂಗಳಿರುವಾಗ ದಾದಾ ಮಸೀದಿಯಲ್ಲಿ ಎಲ್ಲರ ಮುಂದೆ, ಈ ಸಲ ನಮ್ಮ ಇಲ್ಯಾಸ್ ನಿಲ್ಲುತ್ತಾನೆ ಅಂತ ಮಾತು ಕೊಟ್ಟು ಬಂದರು. ಉಸ್ತಾದ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಒಂದು ದಿನ ಮನೆಗೇ ಬಂದು ಕೂತು ಕೇಳ್ತೀನಿ, ಆಮೇಲೆ ನೋಡೋಣ" ಅಂದರು. ಭಾಯ್‌ಗೆ ಅನ್ನ ಸೇರದಾಯಿತು. ಅವನ ಕಷ್ಟ ನನಗೊಬ್ಬಳಿಗೇ ಗೊತ್ತಿತ್ತು. ಕುರಾನಿನಲ್ಲಿ ಒಂದೇ ತರಹದ ಸಾಲುಗಳು ಬೇರೆ ಬೇರೆ ಕಡೆ ಬರುತ್ತವೆ. ಕೊನೆಯ ಎರಡು ಪದದಲ್ಲಿ ಮಾತ್ರ ವ್ಯತ್ಯಾಸ. ಅಲ್ಲಿ ಒಂದು ಪದ ತಪ್ಪಿದರೆ ಇನ್ನೊಂದು ಅಧ್ಯಾಯಕ್ಕೆ ಹೊರಟುಹೋಗುತ್ತೀರಿ, ಹೆಬ್ಬಾಳದಲ್ಲಿ ಮೆಜೆಸ್ಟಿಕ್ ಬಸ್ಸು ಅಂತ ಹತ್ತಿ ಕೆ.ಆರ್. ಪುರದ ದಾರಿ ಹಿಡಿದ ಹಾಗೆ. ಅದು ಹಾಫಿಜ್ ಆಗಲು ಓದುವವರೆಲ್ಲ ಎಡವುವ ಜಾಗ. ಭಾಯ್ ದಿನವೂ ಎಡವುತ್ತಿದ್ದ, ನಾನು ದಿನವೂ ಎತ್ತುತ್ತಿದ್ದೆ. ಎತ್ತಿ ಎತ್ತಿ ಅವನನ್ನು ಹಾಳು ಮಾಡಿದವಳು ನಾನೇ. ಆ ಜಾಗ ಬಂದ ಕೂಡಲೇ ಅವನ ಕಣ್ಣು ತಾನಾಗಿ ಅಡುಗೆಮನೆಯ ಕಡೆ ತಿರುಗುತ್ತಿತ್ತು.

ಉಸ್ತಾದ್ ಬಂದದ್ದು ಮಧ್ಯಾಹ್ನದ ನಮಾಜಿನ ನಂತರ. ಬಿಳಿ ಗಡ್ಡದ, ಮೆತ್ತನೆಯ ದನಿಯ ಸಣ್ಣ ಆಳು. ಪಡಸಾಲೆಯಲ್ಲಿ ಚಾಪೆಯ ಮೇಲೆ ಅವರು, ಎದುರಿಗೆ ಭಾಯ್, ಗೋಡೆಗೆ ಒರಗಿ ದಾದಾ. ದಾದಾ ಹಬ್ಬದ ಶೇರ್ವಾನಿ ಹಾಕಿಕೊಂಡಿದ್ದರು, ಬೇಸಿಗೆಯಲ್ಲಿ, ಬೆವರುತ್ತಾ. ಪರದೆಯ ಈಚೆ ನಾವು ಮೂವರು ಹೆಂಗಸರು. ದಾದಿ ಜಪಮಣಿ ತಿರುಗಿಸುತ್ತಿದ್ದರು. ಅವತ್ತು ಬೆಳಿಗ್ಗೆ ಏಳಲ್ಲ, ಹನ್ನೊಂದು ಬಾದಾಮಿ ಹೋಗಿತ್ತು ಭಾಯ್‌ನ ಹೊಟ್ಟೆಗೆ. ಉಸ್ತಾದ್ ನಡುನಡುವೆ ಎಲ್ಲಿಂದಲೋ ಒಂದು ಸಾಲು ಎತ್ತಿಕೊಡುವರು, ಭಾಯ್ ಮುಂದುವರಿಸುವನು. ಮೊದಲ ಐದಾರು ಕಡೆ ಚೆನ್ನಾಗಿಯೇ ಹೋದ. ದಾದಾ ಮೀಸೆಯೊಳಗೆ ನಗುತ್ತಿದ್ದದ್ದು ಪರದೆಯ ಸಂದಿಯಿಂದ ನನಗೆ ಕಾಣುತ್ತಿತ್ತು. ಆಮೇಲೆ ಆ ಜಾಗ ಬಂತು. ಭಾಯ್ ತಪ್ಪು ಪದ ಹಿಡಿದ, ಬೇರೆ ಅಧ್ಯಾಯಕ್ಕೆ ಹೋದ, ತಿಳಿಯಿತು, ವಾಪಸು ಬಂದ, ಮತ್ತೆ ಅದೇ ತಪ್ಪು. ಮೂರನೆಯ ಸಲವೂ. ದಾದಾನ ನಗು ಹೋಯಿತು. ಭಾಯ್‌ನ ಕಣ್ಣು ನಿಧಾನಕ್ಕೆ ಪರದೆಯ ಕಡೆ ತಿರುಗಿತು.

ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಹೇಳಿದರೆ ಅವನಿಗೆ ಬಾರದು ಅನ್ನುವುದು ಉಸ್ತಾದರಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ಅವನು ಅಲ್ಲೇ ಸುತ್ತುತ್ತಾ ಸೋಲುತ್ತಾನೆ, ದಾದಾನ ಮಾತು ಮಣ್ಣುಪಾಲಾಗುತ್ತದೆ. ನಾಲ್ಕನೆಯ ಸಲ ಅವನು ಆ ಸಾಲಿಗೆ ಬಂದು ನಿಂತಾಗ ಅವನ ದನಿ ಒಡೆಯಿತು. ನನ್ನ ಕೈ ತಾನಾಗಿ ಕೆಳಗಿಳಿಯಿತು. ಹುಚ್ಚೆಳ್ಳು ಹುರಿದ ದಿನದ ಪುಟ ಅದು, ನನಗೆ ಅನುಮಾನವೇ ಇರಲಿಲ್ಲ. ಪದ ಹೊರಗೆ ಬಂತು. ಭಾಯ್ ಅದನ್ನು ಹಿಡಿದುಕೊಂಡು ಸರಾಗವಾಗಿ ನಾಲ್ಕು ಸಾಲು ಓದಿದ. ಉಸ್ತಾದ್ ಕೈ ಎತ್ತಿ ನಿಲ್ಲಿಸಿದರು.

"ಒಳಗೆ ಯಾರು?"

ದಾದಿ ನನ್ನ ತೋಳು ಚಿವುಟಿ, ಪರದೆಯ ಈಚೆಯಿಂದಲೇ ಗಡಿಬಿಡಿಯಲ್ಲಿ ಹೇಳಿದರು:

"ಯಾರೂ ಇಲ್ಲ ಉಸ್ತಾದ್, ನಮ್ಮ ಹುಡುಗಿ. ದಿನಾ ಕೇಳಿ ಕೇಳಿ ಒಂದೆರಡು ಮಾತು ಕಲ್ತಿದ್ದಾಳೆ, ತಪ್ಪಾಯ್ತು, ಮಾಫ್ ಮಾಡಿ."

ಆಗ ಭಾಯ್ ತಲೆ ಎತ್ತಿದ. ಹದಿನಾಲ್ಕು ವರ್ಷದ ಹುಡುಗ, ಕೆನ್ನೆ ಮೇಲೆ ನೀರು ಇನ್ನೂ ಆರಿರಲಿಲ್ಲ.

"ಒಂದೆರಡು ಮಾತಲ್ಲ ಉಸ್ತಾದ್. ಅವಳಿಗೆ ಎಲ್ಲ ಬರುತ್ತೆ. ನನಗಿಂತ ಚೆನ್ನಾಗಿ ಬರುತ್ತೆ. ಮೂರು ವರ್ಷದಿಂದ ನನ್ನ ಪಾಠ ಕೇಳ್ತಿರೋದು ಅವಳೇ, ಅದೂ ಪುಸ್ತಕ ನೋಡ್ದೆ."

ಆ ವಯಸ್ಸಿನಲ್ಲಿ, ಆ ಸೋಲಿನಲ್ಲಿ, ಅಷ್ಟು ದೊಡ್ಡ ಮಾತನ್ನು ಅವನು ಆಡಿದ. ನನ್ನ ನೆನಪಿನ ಬಗ್ಗೆ ಜನ ಏನೇನೋ ಹೊಗಳುತ್ತಾರೆ. ನನಗೆ ಅವತ್ತಿನ ಭಾಯ್‌ನ ಎದೆಗಾರಿಕೆಯ ಮುಂದೆ ಅದೆಲ್ಲ ಹೊಟ್ಟು. ಉಸ್ತಾದ್ ಪರದೆಯ ಕಡೆ ಮುಖ ಮಾಡಿ, ಮಗಳೇ ಎಂದು ಕರೆದು, ಒಂದು ಸಾಲು ಎತ್ತಿಕೊಟ್ಟರು. ಮೀನು ಬೆಂದ ದಿನದ್ದು. ನಾನು 'ಬಿಸ್ಮಿಲ್ಲಾ' ಅಂದೆ, ಓದಿದೆ. ಇನ್ನೊಂದು ಕೊಟ್ಟರು. ನುಗ್ಗೆಸೊಪ್ಪು. ಮತ್ತೊಂದು, ಬೇಕಂತಲೇ ಕವಲೊಡೆಯುವ ಜಾಗದ್ದು. ನಿಂತು, ಉಸಿರೆಳೆದುಕೊಂಡೆ, ಹುರಿದ ರಾಗಿಯ ಘಮ ಬಂತು, ಸರಿಯಾದ ದಾರಿಯಲ್ಲಿ ಹೊರಟೆ. ಅವರು ಆಮೇಲೆ ಏನೂ ಕೇಳಲಿಲ್ಲ, ನಿಲ್ಲಿಸಲೂ ಇಲ್ಲ. ನಾನು ಓದುತ್ತಲೇ ಹೋದೆ. ನನ್ನೊಳಗೆ ಇಷ್ಟಿದೆ ಅಂತ ನನಗೇ ಗೊತ್ತಿರಲಿಲ್ಲ. ಬಾವಿಯಿಂದ ನೀರು ಸೇದುತ್ತಾ ಹೋದ ಹಾಗೆ, ಹಗ್ಗ ಮುಗಿಯಲಿಲ್ಲ, ನೀರೂ ಮುಗಿಯಲಿಲ್ಲ. ಅಮ್ಮಿ ಒಲೆ ಆರಿಸಿಬಿಟ್ಟಳು, ಸದ್ದಾಗಬಾರದು ಅಂತ. ದಾದಿಯ ಜಪಮಣಿ ನಿಂತಿತ್ತು. ಮಸೀದಿಯಲ್ಲಿ ಸಂಜೆಮುಂಚಿನ ಅಜಾನ್ ಆದಾಗಲೇ ನಾನು ನಿಲ್ಲಿಸಿದ್ದು.

ಉಸ್ತಾದ್ ಎದ್ದರು. ಈ ರಂಜಾನಿಗೆ ಇಲ್ಯಾಸ್ ಬೇಡ, ಮುಂದಿನದಕ್ಕೆ ನಿಲ್ಲಲಿ, ಇನ್ನು ಮೇಲೆ ತಂಗಿ ಅವನನ್ನು ಎತ್ತುವ ಹಾಗಿಲ್ಲ ಅಂದರು. ಹಾಗೇ ಆಯಿತು, ಮುಂದಿನ ವರ್ಷ ಅವನು ನಿಂತ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ದಾದಾಗೆ ಇನ್ನೊಂದು ಮಾತು ಹೇಳಿದರು:

"ಭಾಯಿಸಾಬ್, ನಾಳೆಯಿಂದ ವಾರಕ್ಕೊಂದ್ಸಲ ನಾನೇ ಇಲ್ಲಿಗೆ ಬರ್ತೀನಿ. ಈ ಮಗು ಪರದೆ ಹಿಂದೆ ಕೂತು ಓದ್ಲಿ. ಇದನ್ನ ಹೀಗೇ ಬಿಟ್ರೆ ನಾವಿಬ್ರೂ ಮೇಲೆ ಹೋಗಿ ಜವಾಬು ಕೊಡ್ಬೇಕಾಗುತ್ತೆ."

ಅವರು ಹೋದ ಮೇಲೂ ದಾದಾ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಪರದೆ ಸರಿಸಿ ಅಡುಗೆಮನೆಗೆ ಬಂದರು. ಅವರು ಅಲ್ಲಿಗೆ ಕಾಲಿಟ್ಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಶೇರ್ವಾನಿಯಲ್ಲೇ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಲಾಯಿಯ ಹೊಗೆಗೆ ಸದಾ ಕೆಂಪಗಿರುತ್ತಿದ್ದ ಕಣ್ಣುಗಳಲ್ಲಿ ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದರು. ಒರಟು ಅಂಗೈಯನ್ನು ನನ್ನ ತಲೆಯ ಮೇಲಿಟ್ಟರು. ಆಮೇಲೆ ದಾದಿಯ ಕಡೆ ತಿರುಗಿದರು. ಬೈಯುವ ದನಿಯಲ್ಲ ಅದು, ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವರಿಗೆ.

"ಇವಳಿಗೆ ಏನ್ ತಿನ್ನಿಸ್ತಿದ್ದೆ ನೀನು?"

ಮನೆಯಲ್ಲಿ ಯಾರ ಹೊಟ್ಟೆಗೆ ಏನು ಹೋಯಿತೆಂದು ಕಣ್ಣು ಮುಚ್ಚಿ ಹೇಳಬಲ್ಲವರು ದಾದಿ. ನನ್ನನ್ನು ನೋಡಿದರು, ಒಲೆಯನ್ನು ನೋಡಿದರು. ಸೆರಗು ಎಳೆದು ಬಾಯಿಗೆ ಅಡ್ಡ ಹಿಡಿದುಕೊಂಡರು.

"ಮಿಕ್ಕಿದ್ದು ಕಣ್ರೀ," ಅಂದರು. "ಎಲ್ಲರೂ ತಿಂದು ಮಿಕ್ಕಿದ್ದು."